ಡಬ್ಬಿಗೆ ಕೇಳಿಸದ ಕೆಮ್ಮು

ಜಂಗಮಕೋಟೆಯಲ್ಲಿ ಯಶೋಧರಾಳ ಹುಳದ ಮನೆಗೆ ಹೋಗುವವರು ಬಾಗಿಲಲ್ಲಿ ಚಪ್ಪಲಿ ಬಿಡಬೇಕು, ಬ್ಲೀಚಿಂಗ್ ಪುಡಿ ಕಲಸಿದ ನೀರಿನಲ್ಲಿ ಕಾಲು ಅದ್ದಬೇಕು, ಒಳಗೆ ಹೋದ ಮೇಲೆ ಅಳಬಾರದು. ಮೊದಲಿನ ಎರಡು ಕಟ್ಟಳೆ ರೇಷ್ಮೆ ಇಲಾಖೆಯದು. ಮೂರನೆಯದು ಆಕೆಯ ಗಂಡನ ತಾಯಿ ಕದಿರಮ್ಮನದು. ಅಳು ಬಿದ್ದ ಮನೆಯಲ್ಲಿ ಹುಳ ಗೂಡು ಕಟ್ಟುವುದಿಲ್ಲ ಎಂದು ಕದಿರಮ್ಮ ಸಾಯುವವರೆಗೂ ಹೇಳುತ್ತಿದ್ದಳು. ಹುಳಕ್ಕೆ ಕಿವಿಯೇ ಇಲ್ಲವಲ್ಲ ಎಂದು ಯಾರಾದರೂ ಕೊಂಕು ತೆಗೆದರೆ, ನಿನಗೆ ಎರಡಿದೆಯಲ್ಲ, ಏನು ಕೇಳಿಸಿಕೊಂಡೆ ಎಂದು ಬಾಯಿ ಮುಚ್ಚಿಸುತ್ತಿದ್ದಳು. ಯಶೋಧರಾ ನಂಬಿದಳೋ ಬಿಟ್ಟಳೋ, ಮದುವೆಯಾಗಿ ಬಂದಾಗಿನಿಂದ ಆ ಮನೆಯೊಳಗೆ ಒಂದು ಹನಿ ಕಣ್ಣೀರು ಹಾಕಿದವಳಲ್ಲ.

ಆ ಮನೆಯಲ್ಲಿ ಈಗ ಅವಳಿಗೊಂದು ಕೆಮ್ಮು ಕೇಳಿಸುತ್ತದೆ. ಅದು ಅವಳ ಅಣ್ಣ ಕೊಂಡಪ್ಪನ ಕೆಮ್ಮು. ಕೊಂಡಪ್ಪ ತೀರಿಕೊಂಡು ವರ್ಷದ ಮೇಲಾಯಿತು.

ಯಾವಾಗಲೂ ಕೇಳಿಸುತ್ತದೆ ಅಂತಲ್ಲ. ಹುಳ ಮೇಯುವಾಗ ಹಿಪ್ಪುನೇರಳೆ ಸೊಪ್ಪು ಹರಿಯುವ ಚರಚರ ಸದ್ದಿನಲ್ಲಿ ಮನುಷ್ಯರ ಮಾತೇ ಮುಳುಗಿ ಹೋಗುತ್ತದೆ. ಕೇಳಿಸುವುದು ಹುಳ ಪೊರೆ ಬಿಡಲು ಕೂತಾಗ. ರೇಷ್ಮೆಯವರು ಅದನ್ನು ಜ್ವರ ಅನ್ನುತ್ತಾರೆ. ಹುಳ ತನ್ನ ಆಯುಷ್ಯದಲ್ಲಿ ನಾಲ್ಕು ಸಲ ಜ್ವರಕ್ಕೆ ಕೂರುತ್ತದೆ. ಮೇವು ಬಿಟ್ಟು, ತಲೆ ಮೇಲೆತ್ತಿ, ಅಲ್ಲಾಡದೆ ನಿಲ್ಲುತ್ತದೆ. ನಾಲ್ಕನೆಯದು ದೊಡ್ಡ ಜ್ವರ. ಆಗ ಮೇಲೆ ಸುಣ್ಣದ ಪುಡಿ ಎರಚಿ, ಬಾಗಿಲು ಮುಂದಕ್ಕೆಳೆದು, ಯಾರೂ ಮುಟ್ಟದೆ ಬಿಡಬೇಕು. ಆ ಒಂದೂವರೆ ದಿನ ಹುಳದ ಮನೆ ಸಾವಿನ ಮನೆಯ ಹಾಗೆ ತಣ್ಣಗಿರುತ್ತದೆ.

ಮೊದಲ ಸಲ ಕೇಳಿಸಿದ್ದೂ ಹೀಗೇ ಒಂದು ನಾಲ್ಕನೇ ಜ್ವರದಲ್ಲಿ. ಮಟಮಟ ಮಧ್ಯಾಹ್ನ ಕಿಟಕಿಯ ಪರದೆ ಸರಿಮಾಡಲು ಒಳಗೆ ಹೋದವಳಿಗೆ ಮೂಲೆಯಿಂದ ಎರಡು ಸಣ್ಣ ಕೆಮ್ಮು, ತಡೆದು ಒಂದು ಉದ್ದದ್ದು ಕೇಳಿಸಿತು. ಕಡೆಗೆ ಗಂಟಲು ಕೆರೆದುಕೊಳ್ಳುವ ಸದ್ದು. ಅದು ಬೇರೆ ಯಾರದೂ ಆಗಲು ಸಾಧ್ಯವಿರಲಿಲ್ಲ. ಮೂಲೆಗೆ ಹೋಗಿ ನೋಡಿದಳು. ಹುಳ ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳನ್ನು ಗೋಡೆಗೆ ಒರಗಿಸಿಟ್ಟಿದ್ದು ಬಿಟ್ಟರೆ ಅಲ್ಲಿ ಏನೂ ಇರಲಿಲ್ಲ. ಅಷ್ಟರಲ್ಲಿ ಸೊಂಟದಲ್ಲಿದ್ದ ಫೋನು ಗುಂಯ್ ಎಂದಿತು. ಸೂರಿಗೆ ನೇತುಹಾಕಿದ್ದ, ಹುಳದ ಸದ್ದು ಆಲಿಸುವ ಕಂಪನಿ ಡಬ್ಬಿಯಿಂದ ಬಂದ ಸಂದೇಶ: "ಹುಳದ ಮನೆ ನಿಶ್ಶಬ್ದವಾಗಿದೆ. ಎಲ್ಲ ಸರಿ ಇದೆ."

ಗಂಡ ನಲ್ಲಪ್ಪನಿಗೆ ಹೇಳಿದಳು. ಅವನು ಊರ ಡೇರಿಯಲ್ಲಿ ಹಾಲಿನ ಜಿಡ್ಡು ನೋಡುವವನು. ಅಳತೆಗೆ ಸಿಗದ್ದನ್ನು ನಂಬುವ ಅಭ್ಯಾಸ ಅವನಿಗಿಲ್ಲ. "ಡಬ್ಬಿಗೇ ಕೇಳ್ಸಿಲ್ಲ ಅಂದ್ಮೇಲೆ ನಿಂಗೆಲ್ಲಿಂದ ಕೇಳ್ಸ್ತು?" ಅಂದ. ಡಬ್ಬಿಗೆ ಯಾಕೆ ಕೇಳಿಸುವುದಿಲ್ಲ ಎನ್ನುವುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಗಂಡನಿಗೆ ಮಾತ್ರ ಹೇಳಲಿಲ್ಲ.

ಆ ಡಬ್ಬಿಯನ್ನು ಮಾಡಿದ್ದು ಚಿಕ್ಕಬಳ್ಳಾಪುರದ ಎಲೆದನಿ ಎಂಬ ಕಂಪನಿ. ಕಟ್ಟಿದವನು ಕೆಂಚಾರ್ಲಹಳ್ಳಿಯ ಮುರಳಿಮೋಹನ್. ಬುದ್ಧಿವಂತ, ಮಾತಿನ ಮಲ್ಲ, ಒಂದು ಕಡೆ ಕೂತವನಲ್ಲ. ಅವನ ಡಬ್ಬಿ ಹುಳ ಮೇಯುವ ಸದ್ದನ್ನು ಕೇಳುತ್ತಾ ಇದ್ದು, ಜ್ವರದ ದಿನ ಬಿಟ್ಟು ಬೇರೆ ದಿನ ಸದ್ದು ಕುಗ್ಗಿದರೆ ರೋಗ ಬರುತ್ತಿದೆ ಎಂದು ಫೋನಿಗೆ ಮುಂಚೆಯೇ ಹೇಳುತ್ತದೆ. ದೊಡ್ಡ ದುಡ್ಡು ಬೆಂಗಳೂರಿನವರದು. ನಮ್ಮ ಕಡೆಯವರಿಗೂ ಪಾಲಿರಲಿ ಎಂದು ಮುರಳಿ ಶಿಡ್ಲಘಟ್ಟ, ಚಿಂತಾಮಣಿ ಸುತ್ತಿನ ಕೆಲವು ರೇಷ್ಮೆ ಮನೆಗಳಿಗೂ ಷೇರು ಮಾರಿದ. ಯಶೋಧರಾ ತೆಗೆದುಕೊಂಡಳು. ಬೇಡ ಬೇಡ ಅನ್ನುತ್ತಿದ್ದ ಅಣ್ಣನಿಗೂ ಕೊಡಿಸಿದಳು.

ಅಣ್ಣನಿಗೆ ಡಬ್ಬಿಯಿಂದ ಮೂರು ಕಾಸಿನ ಉಪಯೋಗ ಇರಲಿಲ್ಲ. ಅವನು ಹುಳ ಸಾಕುವವನಲ್ಲ, ಶಿಡ್ಲಘಟ್ಟದಲ್ಲಿ ನೂಲು ತೆಗೆಯುವವನು. ಗೂಡಿನ ಮಾರುಕಟ್ಟೆಯಿಂದ ಗೂಡು ತಂದು, ಕುದಿಯುವ ನೀರಲ್ಲಿ ಬೇಯಿಸಿ, ಎಳೆ ಹಿಡಿದು ಚರಕಕ್ಕೆ ಕೊಡುವುದು ಅವನ ಕಸುಬು. ಬೆಳಗಾದರೆ ಆವಿ, ಸೌದೆ ಹೊಗೆ, ಬೆಂದ ಹುಳದ ನಾತ. ಬಿಸಿನೀರಲ್ಲಿ ಆಡಿ ಆಡಿ ಅವನ ಬೆರಳ ತುದಿಗಳಲ್ಲಿ ಗೆರೆಯೇ ಉಳಿದಿರಲಿಲ್ಲ. ಪಡಿತರ ಅಂಗಡಿಯ ಹೆಬ್ಬೆಟ್ಟು ಯಂತ್ರ ಅವನನ್ನು ಮನುಷ್ಯ ಅಂತಲೇ ಒಪ್ಪುತ್ತಿರಲಿಲ್ಲ. ಅದನ್ನೂ ಅವನು ನಗುತ್ತಲೇ ಹೇಳುತ್ತಿದ್ದ. ಅಪ್ಪ ಮಗನಿಗೆ ತಿರುಪತಿ ಕಡೆಯ ದೇವರ ಹೆಸರಿಟ್ಟು, ಮಗಳು ಹುಟ್ಟುವಷ್ಟರಲ್ಲಿ ಬುದ್ಧನ ಸಭೆಗಳಿಗೆ ಹೋಗತೊಡಗಿ ಅವಳಿಗೆ ಬುದ್ಧನ ಹೆಂಡತಿಯ ಹೆಸರಿಟ್ಟಿದ್ದ. "ನಿಂಗೆ ರಾಣಿ ಹೆಸ್ರು ಸಿಕ್ತು, ಅದಕ್ಕೇ ಹುಳ ಸಾಕ್ತೀಯ. ನಾನು ಅದನ್ನ ಬೇಯ್ಸ್ತೀನಿ" ಎಂದು ತಂಗಿಯನ್ನು ರೇಗಿಸುತ್ತಿದ್ದ. ಅವನಿಗಿದ್ದ ಆಸೆ ಒಂದೇ. ಈ ಕಸುಬು ಬಿಟ್ಟು ಚಿಂತಾಮಣಿಯಲ್ಲಿ ಒಂದು ಹೂವಿನ ಅಂಗಡಿ ಇಡಬೇಕು. ಗುಲಾಬಿ, ಸೇವಂತಿಗೆ ರಾಶಿಯ ನಡುವೆ ಕೂತು ಮೂಗಿನ ತುಂಬ ಉಸಿರೆಳೆಯಬೇಕು.

ಹಬ್ಬದಂತೆ ಶುರುವಾದ ಕಂಪನಿ ಕೆಲವೇ ವರ್ಷಗಳಲ್ಲಿ ಮುಗ್ಗರಿಸಿತು. ಬಿಸಿಲಿಗೆ ಡಬ್ಬಿಯ ಬ್ಯಾಟರಿಗಳು ಊದಿಕೊಂಡವು. ಹಲ್ಲಿ ಲೊಚಗುಟ್ಟಿದರೂ ಡಬ್ಬಿ ಹುಳಕ್ಕೆ ರೋಗ ಎಂದು ಅರಚಿತು. ಜನ ಬೇಸತ್ತು ಬಿಚ್ಚಿ ಅಟ್ಟಕ್ಕೆ ಎಸೆದರು. ಮುರಳಿಮೋಹನ್ ಇತ್ತ ಗಮನ ಕೊಡದೆ ಗಾಜಿನ ಆಫೀಸು ಕಟ್ಟಿಸುತ್ತಿದ್ದ. ಬೆಂಗಳೂರಿನ ಯಜಮಾನರು ಒಂದು ಬೆಳಿಗ್ಗೆ ಅವನನ್ನು ಕುರ್ಚಿಯಿಂದ ಎಬ್ಬಿಸಿ, ಮಂಚೇನಹಳ್ಳಿಯ ಶಿರೀಷಾ ಎಂಬ ಹೆಣ್ಣುಮಗಳನ್ನು ಕೂರಿಸಿದರು. ಅದೇ ಹೊತ್ತಿಗೆ ಚಿಂತಾಮಣಿಯ ಒಬ್ಬ ವ್ಯಾಪಾರಿ, ನಿಮ್ಮ ಷೇರುಗಳನ್ನು ಕೊಂಡ ಬೆಲೆಗೇ ನಾನು ತೆಗೆದುಕೊಳ್ಳುತ್ತೇನೆ ಎಂದು ಮನೆಮನೆಗೆ ಹೇಳಿ ಕಳಿಸಿದ. ಬದುಕಿದೆಯಾ ಬಡಜೀವವೇ ಎಂದು ಎಲ್ಲರೂ ಮಾರಲು ಸಿದ್ಧರಾದರು. ಎಲ್ಲರಿಗಿಂತ ಮುಂದೆ ಕೊಂಡಪ್ಪ, ಆ ದುಡ್ಡಲ್ಲಿ ಹೂವಿನ ಅಂಗಡಿ ಇಡಬಹುದಲ್ಲ ಎಂದು.

ಶಿಡ್ಲಘಟ್ಟದ ಒಂದು ಛತ್ರದಲ್ಲಿ ಶಿರೀಷಾ ಷೇರುದಾರರ ಸಭೆ ಕರೆದಳು. ಸಣ್ಣ ಮೈಯವಳು, ದೊಡ್ಡ ಮಾತಿಲ್ಲ. "ಮೂರು ವರ್ಷ ಕೊಡಿ. ಮೊದಲ್ನೇ ವರ್ಷ ಇನ್ನೂ ಕೆಟ್ಟದಾಗೇ ಕಾಣ್ತದೆ, ಸುಳ್ಳು ಹೇಳಲ್ಲ. ನೀವು ಈಗ ಕೈ ಬಿಟ್ರೆ ಬೆಂಗಳೂರಿನೋರೂ ಬಿಡ್ತಾರೆ" ಅಂದಳು. ಹಿಂದಿನ ಸಾಲಿನಲ್ಲಿ ಗೊಣಗಾಟ ಎದ್ದಿತು. ಆಗ ಯಶೋಧರಾ ಎದ್ದು ನಿಂತಳು. ಸಭೆಯಲ್ಲಿ ಅವಳು ಬಾಯಿ ತೆರೆದದ್ದು ಅದೇ ಮೊದಲು.

"ಜ್ವರಕ್ಕೆ ಕೂತಿರೋ ಹುಳ ಸತ್ತಂಗೇ ಕಾಣ್ತದೆ. ಗೊತ್ತಿಲ್ದೋರು ಬಾಚಿ ತಿಪ್ಪೆಗೆ ಹಾಕ್ತಾರೆ. ನಾವು ಹಾಕ್ತೀವೇನ್ರಪ್ಪ? ಕೈ ಕಟ್ಕೊಂಡು ಕಾಯ್ತೀವಿ. ಕಂಪನಿಗೂ ಜ್ವರ ಬಂದೈತೆ. ಪೊರೆ ಬಿಟ್ಟು ಎದ್ಮೇಲೆ ಎಂಗೆ ಮೇಯ್ತದೆ ನೋಡಿ."

ಅಲ್ಲಿದ್ದವರಿಗೆ ಇದಕ್ಕಿಂತ ಅರ್ಥವಾಗುವ ಮಾತನ್ನು ಯಾರೂ ಹೇಳಲು ಸಾಧ್ಯವಿರಲಿಲ್ಲ. ಚಪ್ಪಾಳೆ ಬಿತ್ತು. ಶಿರೀಷಾ ಓಡಿ ಬಂದು ಅವಳ ಕೈ ಹಿಡಿದುಕೊಂಡಳು. ಒಬ್ಬರೂ ಮಾರಲಿಲ್ಲ.

ಹೊರಗೆ ನಲ್ಲಿಯ ಹತ್ತಿರ ಕೊಂಡಪ್ಪ ಮುಖ ತೊಳೆಯುತ್ತಿದ್ದ. "ಚೆನ್ನಾಗಿ ಮಾತಾಡ್ದೆ ಕಣಮ್ಮ" ಅಂದ. ಆಮೇಲೆ ಟವಲಿನಿಂದ ಮುಖ ಒರೆಸಿಕೊಳ್ಳುತ್ತ, "ಆದ್ರೆ ನಿಂದು ಹುಳ, ಕಾಯ್ತದೆ. ನಮ್ದು ಗೂಡು. ಹಸಿ ಗೂಡನ್ನ ಸುಮ್ನೆ ಇಟ್ಕೊಂಡು ಕೂತ್ರೆ ಚಿಟ್ಟೆ ಒಡ್ಕೊಂಡು ಹೋಗ್ತದೆ, ನೂಲಿಗೇ ಬರಲ್ಲ. ನಮ್ಗೆ ಕಾಯೋ ಕಸುಬು ಗೊತ್ತಿಲ್ಲಮ್ಮ" ಅಂದ.

"ಹಂಗಾದ್ರೆ ಮಾರ್ಕೊಳಣ್ಣ. ಯಾರು ಬೇಡ ಅಂದೋರು?"

"ನೀನು ಅಷ್ಟು ಜನದ ಮುಂದೆ ಹೇಳಿದ್ಮೇಲೆ ನಾನು ಮಾರಿದ್ರೆ? ಒಡಹುಟ್ಟಿದೋನೇ ನಂಬಲಿಲ್ಲ ಅಂತಾರೆ. ಬಿಡು, ಮೂರು ವರ್ಷ ತಾನೆ."

ಅವಳು ನಕ್ಕಳು. ಚಪ್ಪಾಳೆಯ ಅಮಲು ಇನ್ನೂ ಇಳಿದಿರಲಿಲ್ಲ. ಅಣ್ಣ ಹೇಳಿದ ಗೂಡಿನ ಮಾತು ಅವಳಿಗೆ ಆ ದಿನ ತಮಾಷೆಯಾಗಿ ಕೇಳಿಸಿತು.

ಶಿರೀಷಾ ಹೇಳಿದಂತೆ ನಡೆದುಕೊಂಡಳು, ಅದನ್ನು ಅಲ್ಲಗಳೆಯುವಂತಿಲ್ಲ. ಗಾಜಿನ ಆಫೀಸು ಮಾರಿ ಗೌರಿಬಿದನೂರು ರಸ್ತೆಯ ಒಂದು ತಗಡಿನ ಶೆಡ್ಡಿಗೆ ಕಂಪನಿಯನ್ನು ತಂದಳು. ಅಟ್ಟಕ್ಕೆ ಹೋಗಿದ್ದ ಡಬ್ಬಿಗಳನ್ನೆಲ್ಲ ವಾಪಸು ತರಿಸಿದಳು. ಪ್ರತಿ ತಿಂಗಳು ಎಲ್ಲರ ಫೋನಿಗೂ ಕಂಪನಿಯ ಸ್ಥಿತಿ ತಿಳಿಸಿದಳು. ಕೆಟ್ಟ ಸುದ್ದಿಯನ್ನು ಕೆಟ್ಟ ಸುದ್ದಿ ಅಂತಲೇ ಬರೆದಳು. ಜನ ಸಿಡುಕಿದಾಗಲೆಲ್ಲ ಯಶೋಧರಾಳ ಹತ್ತಿರ ಬರುತ್ತಿದ್ದರು. ಇನ್ನೂ ಜ್ವರ ಇಳಿದಿಲ್ಲ, ತಾಳಿ, ಎಂದು ಅವಳು ಕಾಫಿ ಕೊಟ್ಟು ಕಳಿಸುತ್ತಿದ್ದಳು. ಅವಳಿಗೂ ಒಂದು ಗತ್ತು ಬಂದಿತ್ತು, ಸುಳ್ಳೇಕೆ.

ಕೊಂಡಪ್ಪನಿಗೆ ಕೆಮ್ಮು ಹತ್ತಿದ್ದು ಆ ದಿನಗಳಲ್ಲೇ. ತಂಗಿಯ ಮನೆಯಲ್ಲಿ ಹುಳ ಹಣ್ಣಾಗಿ ಗೂಡು ಕಟ್ಟಲು ತಯಾರಾಗುವ ಹೊತ್ತಿಗೆ, ಚಂದ್ರಿಕೆಗೆ ಹತ್ತಿಸುವ ಕೆಲಸಕ್ಕೆ ಕೈ ಕೊಡಲು ಅವನು ಪ್ರತಿ ಬೆಳೆಗೂ ಬರುತ್ತಿದ್ದ. ಬಂದರೆ ವಾರ ನಿಲ್ಲುತ್ತಿದ್ದ. ಆವಿಯಿಂದ ದೂರವಿರುವ ಆ ವಾರವೇ ಅವನಿಗೆ ರಜೆ. ಆದರೆ ಅವನು ಹುಳದ ಮನೆಗೆ ಕಾಲಿಟ್ಟರೆ ಡಬ್ಬಿ ಅರಚುತ್ತಿತ್ತು: "ಮೇವಿನ ಸದ್ದಿನಲ್ಲಿ ಏರುಪೇರು. ರೋಗ ಇರಬಹುದು." ಅವಳು ಬೆಚ್ಚಿ ಓಡಿ ಬಂದು ನೋಡಿದರೆ ಹುಳ ಚೆನ್ನಾಗಿಯೇ ಇರುತ್ತಿದ್ದವು.

ಕಂಪನಿಗೆ ಫೋನು ಮಾಡಿದಳು. ಜಗನ್ ಎಂಬ ಮೆಕ್ಯಾನಿಕ್ ಬಂದು ಲ್ಯಾಪ್‌ಟಾಪು ಬಿಚ್ಚಿ ಇಯರ್ ಫೋನು ಕಿವಿಗೆ ಹಾಕಿಕೊಂಡು ಡಬ್ಬಿ ಹಿಡಿದಿಟ್ಟ ಸದ್ದನ್ನು ಕೇಳಿದ. "ಅಕ್ಕ, ಇದು ಹುಳದ ಸದ್ದಲ್ಲ. ಯಾರೋ ಕೆಮ್ತಾವ್ರೆ. ಹೋದ ಬೆಳೇಲಿ ಕಮ್ಮಿ ಇತ್ತು, ಈ ಬೆಳೇಲಿ ಬಾಳ ಜಾಸ್ತಿ ಐತೆ" ಅಂದ.

"ನಮ್ಮಣ್ಣಂದು. ಅದೊಂದು ಸದ್ದು ತೆಗೆದ್ಬಿಡಪ್ಪ, ಸಾಕಾಗಿ ಹೋಗೈತೆ" ಅಂದಳು ಯಶೋಧರಾ.

ಅದೊಂದೇ ಮಾತು. ಯೋಚಿಸಿ ಆಡಿದ್ದಲ್ಲ, ಸಿಟ್ಟಿನಲ್ಲಿ ಆಡಿದ್ದೂ ಅಲ್ಲ. ಜಗನ್ ಆ ಸದ್ದನ್ನು ಕಂಪನಿಗೆ ತೆಗೆದುಕೊಂಡು ಹೋದ. ಅದನ್ನೇ ಹಿಡಿದು ಡಬ್ಬಿಗೆ ಮೇವಿನ ಸದ್ದು ಯಾವುದು, ಮನುಷ್ಯರದು ಯಾವುದು ಎಂದು ಕಲಿಸಿ, ಮನುಷ್ಯರದನ್ನು ಲೆಕ್ಕಕ್ಕೇ ಹಿಡಿಯದಂತೆ ಮಾಡಿದರು. ಮುಂದಿನ ಬೆಳೆಯ ಹೊತ್ತಿಗೆ ಡಬ್ಬಿ ಹಲ್ಲಿಗೂ ಬೆದರಲಿಲ್ಲ, ಕೆಮ್ಮಿಗೂ ಬೆದರಲಿಲ್ಲ. ಸುಳ್ಳು ಅರಚಾಟ ನಿಂತಿತು. ಕಂಪನಿಗೆ ವಾಪಸು ಹೋಗಿದ್ದ ಡಬ್ಬಿಗಳನ್ನು ಜನ ಮತ್ತೆ ಕೇಳಿ ಪಡೆದರು. ಕಂಪನಿಯವರು ತಮ್ಮತಮ್ಮಲ್ಲಿ ಅದನ್ನು ಜಂಗಮಕೋಟೆ ಸದ್ದು ಎಂದು ಕರೆಯುತ್ತಿದ್ದರಂತೆ. ಕಂಪನಿ ಎದ್ದು ನಿಂತದ್ದು ಅಲ್ಲಿಂದಲೇ.

ಕೊಂಡಪ್ಪ ಮೂಲೆಯಲ್ಲಿ ಕೂತು ಕೆಮ್ಮುತ್ತಿದ್ದ. ಡಬ್ಬಿ ಸುಮ್ಮನಿರುತ್ತಿತ್ತು. ಡಬ್ಬಿ ಸುಮ್ಮನಾದ ಮೇಲೆ ಅವಳಿಗೂ ಆ ಕೆಮ್ಮಿನ ಕಡೆ ಗಮನ ಹೋಗಲಿಲ್ಲ.

ಮೂರನೇ ವರ್ಷದ ಚಳಿಗಾಲದಲ್ಲಿ ಕೊಂಡಪ್ಪನನ್ನು ಆಸ್ಪತ್ರೆಗೆ ಸೇರಿಸಿದರು. ಅವನ ಮಗಳು ಜ್ಯೋತಿಲಕ್ಷ್ಮಿ ಫೋನು ಮಾಡಿ, "ಅತ್ತೆ, ಬಂದ್ಬಿಡು" ಅಂದಳು. ಆ ಬೆಳಿಗ್ಗೆ ಯಶೋಧರಾಳ ಹುಳ ಹಣ್ಣಾಗಿತ್ತು. ಹಣ್ಣು ಹುಳವನ್ನು ಅಂದೇ ಚಂದ್ರಿಕೆಗೆ ಬಿಡದಿದ್ದರೆ ಸೊಪ್ಪಿನ ಮೇಲೇ ಎಳೆ ಬಿಟ್ಟು ಹಾಳಾಗುತ್ತದೆ. "ಹುಳ ಹತ್ತಿಸಿ ಬರ್ತೀನಿ ಕಣಮ್ಮ, ಸ್ವಲ್ಪ ತಾಳು" ಅಂದಳು. ತಾಳು ಎನ್ನುವುದು ಅವಳ ಬಾಯಿಗೆ ಅಷ್ಟು ಒಗ್ಗಿ ಹೋಗಿತ್ತು. ಅವಳು ಆಸ್ಪತ್ರೆಯ ಮೆಟ್ಟಿಲು ಹತ್ತುವಾಗ ಅವನನ್ನು ಕೆಳಗೆ ತರುತ್ತಿದ್ದರು. ಮಣ್ಣು ಮಾಡಿ ಮನೆಗೆ ಬಂದಾಗ ಚಂದ್ರಿಕೆಯ ಮೇಲೆ ಹುಳ ಗೂಡು ಸುತ್ತುತ್ತಿದ್ದವು. ಅವಳು ಸೆರಗು ಬಾಯಿಗೊತ್ತಿಕೊಂಡು ಕೆಲಸ ನೋಡಿದಳು. ಆಮೇಲೆ ಅಳಬೇಕು ಎಂದರೂ ಅಳು ಬರಲಿಲ್ಲ.

ಆರು ತಿಂಗಳಿಗೆ ಕಂಪನಿಗೆ ಮೊದಲ ಲಾಭ ಬಂತು. ಶಿರೀಷಾ ದೊಡ್ಡ ಸಭೆ ಮಾಡಿ ಯಶೋಧರಾಳಿಗೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಇವರ ತಾಳ್ಮೆ ಇಲ್ಲದಿದ್ದರೆ ನಾವಿಲ್ಲ ಅಂದಳು. ಫೋಟೋ ತೆಗೆದು ಕಂಪನಿಯ ಗೋಡೆಗೆ ಹಾಕಿದರು. ಅವಳು ಹೇಳಿದ್ದು ಒಂದಕ್ಷರವೂ ತಪ್ಪಿರಲಿಲ್ಲ. ಜ್ವರ ಇಳಿದಿತ್ತು, ಹುಳ ಎದ್ದಿತ್ತು, ಗಬಗಬ ಮೇಯುತ್ತಿತ್ತು. ಅದರ ಮುಂದಿನ ಬೆಳೆಯಿಂದಲೇ ಅವಳಿಗೆ ಕೆಮ್ಮು ಕೇಳಿಸತೊಡಗಿದ್ದು. ತಪ್ಪಾಗಿದ್ದರೆ ಶಿರೀಷಾಳನ್ನಾದರೂ ಬೈದುಕೊಂಡು ಹಗುರಾಗಬಹುದಿತ್ತು. ಹೇಳಿದ್ದೆಲ್ಲ ನಿಜವಾದ ಮೇಲೆ ಬೈಯಲು ಯಾರೂ ಉಳಿಯಲಿಲ್ಲ.

ಈ ವರ್ಷ ಕಂಪನಿ ಇನ್ನೂ ದೊಡ್ಡದಾಗಲು ಹೊರಟಿತು. ಹೊರಗಿನ ಒಂದು ಭಾರಿ ಕಂಪನಿ ಜೊತೆ ಸೇರುವ ಮಾತು ನಡೆಯಿತು. ಈಗಲೇ ಬೇಕೆನ್ನುವವರ ಷೇರನ್ನು ಕಂಪನಿಯೇ ಕೊಳ್ಳುತ್ತದೆ, ಎರಡು ವರ್ಷ ಕಾದರೆ ಬೆಲೆ ಇಮ್ಮಡಿಯಾಗಬಹುದು ಎಂದು ಶಿರೀಷಾ ಎಲ್ಲರಿಗೂ ತಿಳಿಸಿದಳು. ಆಮೇಲೆ ಯಶೋಧರಾಳಿಗೆ ತಾನೇ ಫೋನು ಮಾಡಿದಳು.

"ಅಮ್ಮ, ಎಲ್ರೂ ಒಟ್ಟಿಗೆ ಮಾರಿದ್ರೆ ನಮ್ ಕೈಲಿ ತಡ್ಕೊಳಕ್ಕಾಗಲ್ಲ. ಕಟ್ಟಿದ್ದೆಲ್ಲ ಹೋಗ್ತದೆ. ಸಭೇಲಿ ಅವತ್ತಿನ ಥರ ಒಂದು ಮಾತು ಹೇಳ್ತೀರಾ? ನೀವು ಹೇಳಿದ್ರೆ ನಿಲ್ತಾರೆ."

ನೋಡೋಣಮ್ಮ ಅಂದಳು. ಶಿರೀಷಾ ಕೆಟ್ಟವಳಲ್ಲ, ಅದೇ ಕಷ್ಟ.

ಸಭೆಯ ಹಿಂದಿನ ದಿನ ಜ್ಯೋತಿಲಕ್ಷ್ಮಿ ಬಂದಳು. ಅಪ್ಪ ಹೋದ ಮೇಲೆ ಅವನ ಜಾಗದಲ್ಲಿ, ಗೂಡು ಬೇಯಿಸುವ ಅದೇ ಬಾಣಲೆಯ ಮುಂದೆ ಅವಳೇ ಕೂರುತ್ತಿದ್ದಳು. ಅಪ್ಪನ ಷೇರೂ ಅವಳ ಹೆಸರಿಗೆ ಬಂದಿತ್ತು. ಹುಳದ ಮನೆಯ ಹೊಸ್ತಿಲಾಚೆ ನಿಂತಳು. ಯಶೋಧರಾ ಒಳಗಿದ್ದಳು, ಹುಳ ಜ್ವರಕ್ಕೆ ಕೂತು ಮನೆ ಸದ್ದಿಲ್ಲದೆ ಇತ್ತು. ಆಗ ಕೇಳಿಸಿತು. ಎರಡು ಸಣ್ಣವು, ತಡೆದು ಒಂದು ಉದ್ದದ್ದು.

ಯಶೋಧರಾ ಮೂಲೆಯ ಕಡೆ ತಿರುಗಿದಳು. ಚಂದ್ರಿಕೆಗಳು ಒರಗಿದ್ದವು. ಮತ್ತೆ ಅದೇ ಕೆಮ್ಮು, ಬೆನ್ನ ಹಿಂದಿನಿಂದ. ಬಾಗಿಲಲ್ಲಿ ಜ್ಯೋತಿ ಬಾಯಿಗೆ ಸೆರಗು ಅಡ್ಡ ಹಿಡಿದುಕೊಂಡಿದ್ದಳು.

"ಯಾವಾಗಿಂದ ಇದು?"

"ಏನಿಲ್ಲ ಅತ್ತೆ, ಹೊಗೆ. ಅದಿರ್ಲಿ, ಷೇರು ಏನ್ ಮಾಡ್ಲಿ? ಅಪ್ಪ ನಿನ್ ಮಾತು ಮೀರಲಿಲ್ಲ, ನಾನೂ ಮೀರಲ್ಲ. ಕಾಯಿ ಅಂದ್ರೆ ಕಾಯ್ತೀನಿ."

ಯಶೋಧರಾ ಹುಳ ಹಾಸಿದ ಸ್ಟ್ಯಾಂಡಿನ ಕಂಬ ಹಿಡಿದುಕೊಂಡಳು. "ನಾಳೆ ಸಭೆಗೆ ಬಾ. ಅಲ್ಲೇ ಹೇಳ್ತೀನಿ" ಅಂದಳು.

ತಗಡಿನ ಶೆಡ್ಡಿನಲ್ಲಿ ಕುರ್ಚಿ ಹಾಕಿದ್ದರು. ಗೋಡೆಯ ಮೇಲೆ ಶಾಲು ಹೊದ್ದ ಯಶೋಧರಾ ನಗುತ್ತಿದ್ದಳು. ಅದರ ಕೆಳಗೆ ನಿಜವಾದವಳು ಎದ್ದು ನಿಂತಾಗ ಜನ ಮೊದಲೇ ಚಪ್ಪಾಳೆಗೆ ಕೈ ಎತ್ತಿದ್ದರು.

"ಹುಳದ ಜ್ವರ ಒಂದೂವರೆ ದಿನದ್ದು. ಯಾವಾಗ ಇಳೀತದೆ ಅಂತ ನಂಗೆ ಗೊತ್ತು, ಅದಕ್ಕೇ ಕಾಯ್ತೀನಿ. ಅದೇನು ದೊಡ್ಡ ತಾಳ್ಮೆ ಅಲ್ಲ. ಅವತ್ತು ನಾನು ಹುಳದ ಮಾತನ್ನ ಗೂಡಿನೋರಿಗೂ ಹೇಳ್ಬಿಟ್ಟೆ. ನಮ್ಮಣ್ಣ ಗೂಡಿನೋನು. ನಾವು ಕಾಯಲ್ಲ ಕಣಮ್ಮ ಅಂತ ಹೇಳ್ದ. ನಾನು ನಕ್ಕೆ. ನನ್ ಮರ್ಯಾದೆ ಉಳ್ಸಕ್ಕೆ ಮೂರು ವರ್ಷ ಆ ಆವೀಲಿ ಕೂತು ಸತ್ತ." ಅವಳ ದನಿ ಗಟ್ಟಿಯಾಯಿತು. "ಕಂಪನಿ ಒಳ್ಳೇದೇ. ಹುಳ ಸಾಕೋರು ನಿಲ್ಲಿ, ನಾನೂ ನಿಲ್ತೀನಿ. ಬಾಣ್ಲೆ ಮುಂದೆ ಕೂತಿರೋರು ಯಾರ್ಯಾರಿದ್ದೀರೋ ಇವತ್ತೇ ಮಾರ್ಕೊಂಡು ಹೋಗಿ. ಜ್ಯೋತಿ, ಏಳಮ್ಮ. ಮೊದ್ಲು ನೀನು."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಶಿರೀಷಾ ಅವಳ ಪಕ್ಕ ಬಂದು ನಿಂತಳು. "ಅಮ್ಮ, ಆ ಜಂಗಮಕೋಟೆ ಕೆಮ್ಮಿನ ಸದ್ದು... ನಾವು ಎಲ್ಲಾ ಕಡೆ ಕೇಳಿಸಿ ತೋರಿಸ್ತಿದ್ವಲ್ಲ, ಅದು ನಿಮ್ಮಣ್ಣಂದಾ?" ಎಂದು ಕೇಳಿದಳು. ಯಶೋಧರಾ ಹೌದೆಂದು ತಲೆಯಾಡಿಸಿದಳು. ಶಿರೀಷಾ ಮೇಜಿಗೆ ಹೋಗಿ ಜ್ಯೋತಿಯ ಕಾಗದಕ್ಕೆ ತಾನೇ ಸಹಿ ಹಾಕಿದಳು. ನೂಲಿನವರು ಒಬ್ಬೊಬ್ಬರಾಗಿ ಎದ್ದರು. ಹುಳದವರು ಕೂತೇ ಇದ್ದರು. ಕಂಪನಿ ಮುಳುಗಲಿಲ್ಲ, ಕಾಯುವುದು ಎರಡು ವರ್ಷದ್ದು ನಾಲ್ಕಾಗುತ್ತದೆ ಅಷ್ಟೆ ಎಂದು ಜಗನ್ ಆಮೇಲೆ ಹೇಳಿದ.

ಷೇರಿನ ದುಡ್ಡಲ್ಲಿ ಚಿಂತಾಮಣಿಯಲ್ಲಿ ಹೂವಿನ ಅಂಗಡಿ ತೆರೆದ ದಿನ ಜ್ಯೋತಿ ಮೊದಲು ಕಟ್ಟಿದ ಸೇವಂತಿಗೆ ಹಾರವನ್ನು ಬಸ್ಸಿನಲ್ಲಿ ಕಳಿಸಿ, ಫೋನು ಮಾಡಿದಳು. ಮಾತಾಡಿದಷ್ಟು ಹೊತ್ತೂ ಒಂದು ಸಲವೂ ಕೆಮ್ಮಲಿಲ್ಲ. ಹಾರ ಅಪ್ಪನ ಫೋಟೋಗೆ ಎಂದಿದ್ದಳು. ಯಶೋಧರಾ ಅದನ್ನು ಮೂಗಿನ ಹತ್ತಿರ ಹಿಡಿದು ಉಸಿರೆಳೆದಳು. ಹೂವಿನ ಮೇಲೆ ಔಷಧಿ ಹೊಡೆದಿರುತ್ತಾರೆ, ಹುಳಕ್ಕೆ ವಿಷ. ಅದಕ್ಕೆ ಹಾರವನ್ನು ಹೊರಗಿನ ಗೂಟಕ್ಕೆ ತೂಗುಹಾಕಿ, ಕೈಕಾಲು ತೊಳೆದುಕೊಂಡು, ಹುಳದ ಮನೆಯೊಳಗೆ ಹೋದಳು.

ನಾಲ್ಕನೇ ಜ್ವರ. ಸುಣ್ಣದ ಕೆಳಗೆ ಹುಳವೆಲ್ಲ ತಲೆ ಎತ್ತಿ ನಿಂತಿದ್ದವು. ಮೂಲೆಯಿಂದ ಎರಡು ಸಣ್ಣ ಕೆಮ್ಮು, ತಡೆದು ಒಂದು ಉದ್ದದ್ದು ಬಂತು. ಅವಳು ಈ ಸಲ ಹುಡುಕಲು ಹೋಗಲಿಲ್ಲ. "ಅಣ್ಣಾ, ಹುಡ್ಗಿ ಅಂಗಡಿ ಇಟ್ಳು ಕಣೋ" ಅಂದಳು. ನೆಲದ ಮೇಲೆ ಕೂತು, ಕದಿರಮ್ಮನ ಕಟ್ಟಳೆ ಮರೆತು, ಎದೆ ಬಡಿದುಕೊಂಡು, ಬೀದಿಗೆ ಕೇಳುವಂತೆ ಅತ್ತಳು. ಡೇರಿಯಿಂದ ಬರುತ್ತಿದ್ದ ನಲ್ಲಪ್ಪ ಹಾಲಿನ ಕ್ಯಾನು ಬೀದಿಯಲ್ಲೇ ಬಿಟ್ಟು ಓಡಿ ಬಂದ.

ಸೊಂಟದಲ್ಲಿದ್ದ ಫೋನು ಗುಂಯ್ ಎಂದಿತು.

"ಹುಳದ ಮನೆ ನಿಶ್ಶಬ್ದವಾಗಿದೆ. ಎಲ್ಲ ಸರಿ ಇದೆ."